ಅಂಕಿಗೆ ಆಕಾರ: ಕ್ರಿಯೇಟಿವ್ ಕೋಡಿಂಗ್ ಕಲಿಯಲು ಹಂತಹಂತದ ಸಮಗ್ರ ಮಾರ್ಗದರ್ಶಿ

ಮಳೆಗಾಲ ಶುರುವಾಯಿತೆಂದರೆ ಕನ್ನಡ ದಿನಪತ್ರಿಕೆಗಳಲ್ಲಿ ಜಲಾಶಯಗಳ ನೀರಿನ ಮಟ್ಟವನ್ನು ತಿಳಿಸುವ ಪುಟ್ಟ ಕೋಷ್ಟಕವೊಂದು ದಿನವೂ ಕಾಣಿಸಿಕೊಳ್ಳುತ್ತದೆ. ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು ಎಂಬ ನಾಲ್ಕೈದು ಅಂಕಣಗಳ ಆ ಕೋಷ್ಟಕವನ್ನು ನಾಲೆಯ ನೀರನ್ನು ನಂಬಿದವರು ಎಷ್ಟು ಗಮನವಿಟ್ಟು ಓದುತ್ತಾರೋ, ಉಳಿದವರು ಅಷ್ಟೇ ಸಲೀಸಾಗಿ ಪುಟ ಮಗುಚುತ್ತಾರೆ. ಪ್ರೋಗ್ರಾಮಿಂಗ್‌ನ ಗಂಧಗಾಳಿ ಇಲ್ಲದ ವಿನ್ಯಾಸಕಾರರೊಬ್ಬರು ಅಂಥ ಕೋಷ್ಟಕವನ್ನು ತಾವೇ ಬರೆದ ಕೋಡ್‌ನಿಂದ, ನೋಡಬೇಕೆನಿಸುವ ಮತ್ತು ನಂಬಬಹುದಾದ ಚಿತ್ರವನ್ನಾಗಿ ಮಾಡುವುದು ಹೇಗೆ ಎಂಬುದನ್ನು ಈ ಬರಹ ಮೊದಲಿನಿಂದ ಕೊನೆಯವರೆಗೆ ವಿವರಿಸುತ್ತದೆ.

ಚಿತ್ರ, ವಿನ್ಯಾಸ ಅಥವಾ ಚಲನೆಯನ್ನು ಉಂಟುಮಾಡುವುದಕ್ಕಾಗಿಯೇ ಕೋಡ್ ಬರೆಯುವುದನ್ನು ಕ್ರಿಯೇಟಿವ್ ಕೋಡಿಂಗ್ ಎನ್ನುತ್ತಾರೆ. ಇಲ್ಲಿ ಕೋಡ್ ಎಂಬುದು ಕುಂಚದ ಜಾಗದಲ್ಲಿರುತ್ತದೆ. ಇದನ್ನು ಕಲಿಯಲು ಹೊರಟವರಲ್ಲಿ ಹೆಚ್ಚಿನವರು ತಿಂಗಳುಗಟ್ಟಲೆ ಯೂಟ್ಯೂಬ್ ಪಾಠಗಳನ್ನು ನೋಡಿ, ಅವುಗಳಲ್ಲಿ ಬಂದದ್ದನ್ನು ನಕಲು ಮಾಡಿ, ತಮ್ಮದೇ ಒಂದು ಚಿತ್ರಕ್ಕೆ ಕೈಹಾಕಿದಾಗ ತಡವರಿಸುತ್ತಾರೆ. ಆಜ್ಞೆಗಳು ಬಾಯಿಪಾಠವಾಗಿದ್ದರೂ ಯಾವ ಅಂಕಿಗೆ ಯಾವ ಆಕಾರ ಕೊಡಬೇಕೆಂಬ ವಿವೇಚನೆಯನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಆಜ್ಞೆಗಳ ಪಟ್ಟಿಗಿಂತ ಆ ವಿವೇಚನೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಂತ 1: ಉಪಕರಣವನ್ನು ಆರಿಸಿಕೊಂಡು ಮುಂದಕ್ಕೆ ನಡೆಯುವುದು

ಯಾವ ಭಾಷೆ, ಯಾವ ತಂತ್ರಾಂಶ ಎಂಬ ಚರ್ಚೆಯಲ್ಲಿ ಒಂದು ವಾರಕ್ಕಿಂತ ಹೆಚ್ಚು ಕಳೆಯಬಾರದು. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಜಾನ್ ಮೇಡಾ ಅವರ ತಂಡದಲ್ಲಿದ್ದ ಕೇಸಿ ರೀಸ್ ಮತ್ತು ಬೆನ್ ಫ್ರೈ ಎಂಬಿಬ್ಬರು ಕಲಾವಿದರಿಗೂ ವಿನ್ಯಾಸಕಾರರಿಗೂ ಹೊಂದುವಂತೆ 2001ರಲ್ಲಿ ಪ್ರೊಸೆಸಿಂಗ್ ಎಂಬ ಪರಿಸರವನ್ನು ಆರಂಭಿಸಿದರು. ಅದೇ ಆಲೋಚನೆಯನ್ನು ಬ್ರೌಸರ್‌ಗೆ ತಂದ ಪಿ5 ಜೆಎಸ್ ಎಂಬ ಲೈಬ್ರರಿಯನ್ನು, ಅಂದರೆ ಜಾವಾಸ್ಕ್ರಿಪ್ಟ್ ಭಾಷೆಯ ಸಿದ್ಧ ಆಜ್ಞೆಗಳ ಸಂಗ್ರಹವನ್ನು, 2013ರಲ್ಲಿ ಲಾರೆನ್ ಮೆಕಾರ್ಥಿ ಶುರುಮಾಡಿದರು. ಹೊಸಬರಿಗೆ ನಾನು ಸೂಚಿಸುವುದು ಪಿ5 ಅನ್ನೇ. ಅದಕ್ಕೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಹಣ ಕೊಡಬೇಕಿಲ್ಲ. ಅದರ ಉಚಿತ ವೆಬ್ ಎಡಿಟರ್ ತೆರೆದು, ಎಡಗಡೆ ಬರೆದು, ಮೇಲಿನ ತ್ರಿಕೋನದ ಗುಂಡಿ ಒತ್ತಿದರೆ ಬಲಗಡೆ ಚಿತ್ರ ಮೂಡುತ್ತದೆ. ಹಳೆಯ ಲ್ಯಾಪ್‌ಟಾಪ್ ಸಾಕು. ಮೊಬೈಲಿನಲ್ಲೂ ತೆರೆಯುತ್ತದೆ, ಆದರೆ ಅರ್ಧವಿರಾಮ ಮತ್ತು ಆವರಣಚಿಹ್ನೆಗಳನ್ನು ಹುಡುಕುವಷ್ಟರಲ್ಲಿ ತಾಳ್ಮೆ ಮುಗಿದುಹೋಗುತ್ತದೆ.

ಮುಂದೆ ಬರುವ ಆಜ್ಞೆಗಳ ಹೆಸರನ್ನು ಓದುವ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಎಡಿಟರಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು, ದೊಡ್ಡಕ್ಷರ ಸಣ್ಣಕ್ಷರಗಳ ವ್ಯತ್ಯಾಸವನ್ನೂ ಪಾಲಿಸಬೇಕು.

ಹಂತ 2: ಹಾಳೆ ಮತ್ತು ಚುಕ್ಕಿ

ಹೊಸ ಕಡತ ತೆರೆದ ಕೂಡಲೇ ಸೆಟಪ್ ಮತ್ತು ಡ್ರಾ ಎಂಬ ಎರಡು ಆಜ್ಞೆಗಳ ಗುಂಪುಗಳು, ಅಂದರೆ ಫಂಕ್ಷನ್‌ಗಳು ಕಾಣುತ್ತವೆ. ಸೆಟಪ್ ಒಂದೇ ಸಲ ನಡೆಯುತ್ತದೆ. ಹಾಳೆಯ ಅಳತೆಯನ್ನು ನಿರ್ಧರಿಸುವ ಕ್ರಿಯೇಟ್‌ಕ್ಯಾನ್ವಾಸ್ ಅದರೊಳಗೆ ಇರುತ್ತದೆ. ಡ್ರಾ ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಮರುಕಳಿಸುತ್ತದೆ. ಡ್ರಾ ಒಳಗೆ ಮೊದಲು ಬ್ಯಾಕ್‌ಗ್ರೌಂಡ್ ಬರೆದರೆ ಪ್ರತಿ ಸಲವೂ ಹಾಳೆ ಹೊಸದಾಗುತ್ತದೆ, ಬರೆಯದಿದ್ದರೆ ಹಳೆಯ ಗುರುತುಗಳ ಮೇಲೆಯೇ ಹೊಸವು ಬೀಳುತ್ತವೆ. ಈ ಎರಡರ ವ್ಯತ್ಯಾಸವನ್ನು ಮೌಸ್ ಹಿಂದೆ ಓಡುವ ಒಂದು ವೃತ್ತ ಬರೆದು ಕಣ್ಣಾರೆ ನೋಡುವುದು ಒಳ್ಳೆಯದು.

ಶಾಲೆಯ ಗ್ರಾಫ್ ಹಾಳೆಗೆ ಒಗ್ಗಿದವರಿಗೆ ಇಲ್ಲೊಂದು ತೊಡಕಿದೆ. ಸೊನ್ನೆ ಇರುವುದು ಎಡಗಡೆಯ ಮೇಲಿನ ಮೂಲೆಯಲ್ಲಿ, ಮತ್ತು ವೈ ಮೌಲ್ಯ ಹೆಚ್ಚಿದಂತೆ ಚುಕ್ಕಿ ಕೆಳಗಿಳಿಯುತ್ತದೆ. ನೀರು ಏರುವುದನ್ನು ತೋರಿಸಲು ಹೊರಟಾಗ ಮೊದಲ ಪ್ರಯತ್ನದಲ್ಲಿ ನೀರು ಚಾವಣಿಯಿಂದ ಇಳಿಯುವುದು ಈ ಕಾರಣಕ್ಕೇ. ಪಟ್ಟಿಯ ಎತ್ತರವನ್ನು ತಳದ ವೈ ಮೌಲ್ಯದಿಂದ ಕಳೆಯುವ ಅಭ್ಯಾಸವನ್ನು ಈಗಿನಿಂದಲೇ ಮಾಡಿಕೊಳ್ಳಬೇಕು.

ಹಂತ 3: ಚುಕ್ಕಿ ರಂಗೋಲಿಯಿಂದ ಲೂಪ್ ಕಲಿಯುವುದು

ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್ ಅನ್ನು ಕಲಿಸುವ ಪಾಠಗಳು ಒಂದರಿಂದ ಹತ್ತರವರೆಗೆ ಎಣಿಸುವುದರಿಂದ ಶುರುವಾಗುತ್ತವೆ. ನಮ್ಮಲ್ಲಿ ಅದಕ್ಕಿಂತ ಒಳ್ಳೆಯ ಪಾಠ ಮನೆಯ ಮುಂದೆಯೇ ಇದೆ. ನಡುವಿನ ಸಾಲಿನಲ್ಲಿ 7 ಚುಕ್ಕಿ ಇಟ್ಟು, ಮೇಲೆ ಕೆಳಗೆ ಎರಡು ಚುಕ್ಕಿಗಳ ಸಂದಿಗೆ ಒಂದರಂತೆ ಇಡುತ್ತಾ 4ಕ್ಕೆ ನಿಲ್ಲಿಸುವ ರಂಗೋಲಿಯನ್ನು ತೆಗೆದುಕೊಳ್ಳಿ. ಸಾಲುಗಳು 4, 5, 6, 7, 6, 5, 4. ಒಟ್ಟು 37 ಚುಕ್ಕಿ.

ಇದನ್ನು ಕೋಡ್‌ಗೆ ತರಲು ಹೊರಗಿನ ಲೂಪ್ ಸಾಲುಗಳನ್ನು ಎಣಿಸಲಿ, ಅದು ಮೈನಸ್ 3ರಿಂದ 3ರವರೆಗೆ ಹೋಗಲಿ. ಪ್ರತಿ ಸಾಲಿನ ಚುಕ್ಕಿಗಳ ಸಂಖ್ಯೆ ಎಂದರೆ 7ರಿಂದ ಆ ಸಾಲಿನ ಅಂಕಿಯನ್ನು ಚಿಹ್ನೆ ಬಿಟ್ಟು ಕಳೆದಾಗ ಉಳಿಯುವುದು. ಒಳಗಿನ ಲೂಪ್ ಆ ಸಂಖ್ಯೆಯಷ್ಟು ಸಲ ನಡೆಯುತ್ತದೆ. 400 ಪಿಕ್ಸೆಲ್ ಚೌಕದ ಹಾಳೆಯಲ್ಲಿ ಚುಕ್ಕಿಗಳ ನಡುವೆ 40 ಪಿಕ್ಸೆಲ್ ಬಿಟ್ಟರೆ, 7 ಚುಕ್ಕಿಯ ಸಾಲು 240 ಪಿಕ್ಸೆಲ್ ಅಗಲವಾಗಿ 80ರಿಂದ ಶುರುವಾಗುತ್ತದೆ, 4 ಚುಕ್ಕಿಯ ಸಾಲು 120 ಪಿಕ್ಸೆಲ್ ಅಗಲವಾಗಿ 140ರಿಂದ ಶುರುವಾಗುತ್ತದೆ. ಈ 80, 140ಗಳನ್ನು ಕೈಯಿಂದ ಬರೆಯದೆ, ಹಾಳೆಯ ನಡುವಿನಿಂದ ಸಾಲಿನ ಅಗಲದ ಅರ್ಧ ಕಳೆದು ಯಂತ್ರವೇ ಲೆಕ್ಕ ಹಾಕುವಂತೆ ಬರೆದರೆ ಲೂಪ್ ಕೈಗೆ ಬಂದಂತೆ. ಸಾಲುಗಳ ನಡುವೆ 40ರ ಬದಲು 40 ಗುಣಿಸು 0.866 ಬಿಟ್ಟರೆ ಅಕ್ಕಪಕ್ಕದ ಮೂರು ಚುಕ್ಕಿಗಳು ಸಮಬಾಹು ತ್ರಿಕೋನವಾಗಿ ನಿಲ್ಲುತ್ತವೆ. ಕೈಯಲ್ಲಿ ಹಾಕುವವರು ಇದನ್ನು ಕಣ್ಣಂದಾಜಿನಲ್ಲೇ ಮಾಡುತ್ತಾರೆ ಎಂಬುದು ನನಗೆ ಇಂದಿಗೂ ಸೋಜಿಗದ ಸಂಗತಿ.

ರಂಗೋಲಿ ಇಲ್ಲಿ ಬರೀ ಉದಾಹರಣೆಗಾಗಿ ಬಂದದ್ದಲ್ಲ. 1970ರ ದಶಕದಲ್ಲಿ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ಮತ್ತು ಕಮಲಾ ಕೃತಿವಾಸನ್ ಅವರು ತಮಿಳುನಾಡಿನ ಕೋಲಂಗಳನ್ನು ವ್ಯಾಕರಣದ ನಿಯಮಗಳಂತೆ ಬರೆಯಬಹುದೆಂದು ತೋರಿಸಿದರು. ಅವರ ಆ ಕೆಲಸ ಕಂಪ್ಯೂಟರ್ ವಿಜ್ಞಾನದಲ್ಲಿ ಚಿತ್ರಗಳ ವ್ಯಾಕರಣವೆಂಬ ಅಧ್ಯಯನ ಶಾಖೆಯ ಭಾಗವಾಯಿತು. ಧಾರವಾಡದ ಕಡೆಯ ಕಸೂತಿಯೂ ಹೀಗೆಯೇ ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವ ಕೆಲಸ. ಗವಂತಿ ಮತ್ತು ಮೆಂತಿ ಹೊಲಿಗೆಗಳನ್ನು ಚೌಕಳಿಯ ಮೇಲಿನ ಲೈನ್ ಆಜ್ಞೆಗಳಾಗಿ ಬರೆದು, ಒಂದು ಗೋಪುರದ ವಿನ್ಯಾಸವನ್ನು ಸೀರೆಯ ಸೆರಗಿನಷ್ಟು ಉದ್ದಕ್ಕೆ ಮರುಕಳಿಸುವಂತೆ ಮಾಡಿದರೆ ಮೊದಲ ವಾರದ ಅಭ್ಯಾಸ ಮುಗಿಯುತ್ತದೆ.

ಹಂತ 4: ಅಂದಗೆಡಿಸುವುದನ್ನು ಕಲಿಯುವುದು

ಯಂತ್ರ ಇಟ್ಟ ಚುಕ್ಕಿಗಳು ತೀರಾ ಶಿಸ್ತಾಗಿರುತ್ತವೆ. ಅವನ್ನು ಕೊಂಚ ಅಲುಗಿಸಲು ರ್‍ಯಾಂಡಮ್ ಆಜ್ಞೆ ಇದೆ. ಪ್ರತಿ ಚುಕ್ಕಿಯ ಜಾಗಕ್ಕೆ ಮೈನಸ್ 5ರಿಂದ 5ರವರೆಗಿನ ಯಾವುದೋ ಅಂಕಿಯನ್ನು ಕೂಡಿಸಿದ ಕೂಡಲೇ ಇಡೀ ರಂಗೋಲಿ ಜ್ವರ ಬಂದಂತೆ ನಡುಗತೊಡಗುತ್ತದೆ, ಏಕೆಂದರೆ ಡ್ರಾ ಸೆಕೆಂಡಿಗೆ 60 ಸಲ ಹೊಸ ಅಂಕಿ ಕೇಳುತ್ತಿರುತ್ತದೆ. ನೋಲೂಪ್ ಹಾಕಿ ಒಂದೇ ಸಲಕ್ಕೆ ನಿಲ್ಲಿಸಬಹುದು, ಇಲ್ಲವೇ ರ್‍ಯಾಂಡಮ್‌ಸೀಡ್‌ಗೆ ಒಂದು ಅಂಕಿ ಕೊಟ್ಟು ಪ್ರತಿ ಸಲವೂ ಅದೇ ಅಸ್ತವ್ಯಸ್ತತೆ ಬರುವಂತೆ ಮಾಡಬಹುದು. ಎರಡನೆಯದನ್ನು ರೂಢಿ ಮಾಡಿಕೊಳ್ಳುವುದು ಲೇಸು. ಚೆಂದವಾಗಿ ಬಂದ ಚಿತ್ರವನ್ನು ನಾಳೆ ಮತ್ತೆ ಪಡೆಯಲು ಆ ಬೀಜದ ಅಂಕಿಯೊಂದೇ ದಾರಿ.

ಜರ್ಮನಿಯ ಗೇಯೊರ್ಗ್ ನೇಸ್ 1960ರ ದಶಕದಲ್ಲೇ ಗೆರೆ ಎಳೆಯುವ ಯಂತ್ರವಾದ ಪ್ಲಾಟರ್‌ನಿಂದ ಬರೆಸಿದ ‘ಶಾಟರ್’ ಎಂಬ ಚಿತ್ರದಲ್ಲಿ 12 ಅಂಕಣ, 22 ಸಾಲುಗಳ ಚೌಕಗಳು ಮೇಲ್ಗಡೆ ಒಪ್ಪವಾಗಿ ನಿಂತು, ಕೆಳಗಿಳಿದಂತೆ ಹೆಚ್ಚು ಹೆಚ್ಚು ವಾಲಿ, ಕೊನೆಗೆ ಜಲ್ಲಿಯ ರಾಶಿಯಂತೆ ಚೆಲ್ಲುತ್ತವೆ. ರ್‍ಯಾಂಡಮ್ ಕೊಟ್ಟ ಅಂಕಿಯನ್ನು ಸಾಲಿನ ಸಂಖ್ಯೆಯಿಂದ ಗುಣಿಸುವುದಷ್ಟೇ ಅದರ ಗುಟ್ಟು. ಇದನ್ನು ನಿಮ್ಮ ಕೈಯಾರೆ ಮರುಸೃಷ್ಟಿಸಿ ನೋಡಿ. ನಿಯಮ ಮತ್ತು ಅನಿಯಮಗಳ ಪ್ರಮಾಣವನ್ನು ಒಂದೇ ಗುಣಾಕಾರ ಹೇಗೆ ಹಿಡಿತದಲ್ಲಿಡುತ್ತದೆ ಎಂಬುದು ಬರೀ ಓದಿ ತಿಳಿಯುವಂಥದಲ್ಲ.

ಮೋಡ, ನೀರಿನ ಅಲೆ, ಬೆಟ್ಟದ ಸಾಲು ಇಂಥವಕ್ಕೆ ರ್‍ಯಾಂಡಮ್ ಒಗ್ಗುವುದಿಲ್ಲ, ಅಕ್ಕಪಕ್ಕದ ಅಂಕಿಗಳಿಗೆ ಅಲ್ಲಿ ನಂಟಿರುವುದಿಲ್ಲ. ಅದಕ್ಕೆ ನಾಯ್ಸ್ ಎಂಬ ಆಜ್ಞೆ ಇದೆ. ಕೆನ್ ಪರ್ಲಿನ್ ಅವರು 1980ರ ದಶಕದಲ್ಲಿ ರೂಪಿಸಿದ ಈ ವಿಧಾನ ಸೊನ್ನೆ ಮತ್ತು ಒಂದರ ನಡುವೆ ನಯವಾಗಿ ಏರಿಳಿಯುವ ಅಂಕಿಗಳನ್ನು ಕೊಡುತ್ತದೆ. ಅದಕ್ಕೆ ಕೊಡುವ ಮೌಲ್ಯವನ್ನು 0.01ರ ಆಸುಪಾಸಿನ ಸಣ್ಣ ಹೆಜ್ಜೆಗಳಲ್ಲಿ ಏರಿಸಬೇಕು. ಪೂರ್ಣಾಂಕಗಳನ್ನೇ ಕೊಟ್ಟರೆ ನಯವೆಲ್ಲ ಮಾಯವಾಗುತ್ತದೆ.

ಹಂತ 5: ಅಂಕಿಯನ್ನು ಅಳತೆಗೆ ಇಳಿಸುವುದು

ಇಡೀ ವಿದ್ಯೆಯ ಕೀಲಿ ಇರುವುದು ಮ್ಯಾಪ್ ಎಂಬ ಒಂದು ಆಜ್ಞೆಯಲ್ಲಿ. ಅದು ಐದು ಮೌಲ್ಯಗಳನ್ನು ಕೇಳುತ್ತದೆ: ನಿಮ್ಮ ಅಂಕಿ, ಆ ಅಂಕಿಯ ಕನಿಷ್ಠ ಮತ್ತು ಗರಿಷ್ಠ, ಪರದೆಯ ಮೇಲಿನ ಕನಿಷ್ಠ ಮತ್ತು ಗರಿಷ್ಠ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ. ಸೊನ್ನೆಯಿಂದ 124.80ರವರೆಗಿನ ವ್ಯಾಪ್ತಿಯನ್ನು ಸೊನ್ನೆಯಿಂದ 300 ಪಿಕ್ಸೆಲ್‌ಗೆ ಇಳಿಸಿದರೆ, 100 ಅಡಿ ನೀರಿದ್ದ ದಿನ ಮ್ಯಾಪ್ ಸುಮಾರು 240 ಎನ್ನುತ್ತದೆ. ತೊಟ್ಟಿಯ ಚಿತ್ರ ಬರೆದು 240 ಪಿಕ್ಸೆಲ್ ಎತ್ತರಕ್ಕೆ ನೀಲಿ ತುಂಬಿದಿರಿ. ಲೆಕ್ಕ ಸರಿಯಾಗಿದ್ದರೂ ಆ ಚಿತ್ರ ಸುಳ್ಳು.

ಈ ತಪ್ಪನ್ನು ಮೊದಲು ಮಾಡಿದವನು ನಾನೇ. ತೊಟ್ಟಿಯ ಐದರಲ್ಲಿ ನಾಲ್ಕು ಪಾಲು ತುಂಬಿದಂತೆ ಕಾಣುವ ಚಿತ್ರ ಬರೆದು ಬೀಗುತ್ತಿದ್ದಾಗ, ಮಂಡ್ಯ ಕಡೆಯ ಗೆಳೆಯರೊಬ್ಬರು ಅದನ್ನು ನೋಡಿ, “ನೂರು ಅಡಿ ಅಂದ್ರೆ ಅರ್ಧ ಡ್ಯಾಮೂ ತುಂಬಿಲ್ಲ ಸ್ವಾಮಿ” ಎಂದರು. ಅವರು ಹೇಳಿದ್ದು ನಿಜ. ಜಲಾಶಯವು ನೇರ ಗೋಡೆಯ ತೊಟ್ಟಿಯಲ್ಲ, ಮೇಲೆ ಹೋದಂತೆ ಅಗಲವಾಗುವ ಬಟ್ಟಲು. ತಳದ ಹತ್ತು ಅಡಿಗಿಂತ ಮೇಲಿನ ಹತ್ತು ಅಡಿಯಲ್ಲಿ ಎಷ್ಟೋ ಪಟ್ಟು ಹೆಚ್ಚು ನೀರು ನಿಲ್ಲುತ್ತದೆ. ಆದ್ದರಿಂದ ನೀರು ಎಷ್ಟಿದೆ ಎಂದು ತೋರಿಸುವ ಚಿತ್ರಕ್ಕೆ ಅಡಿಯ ಲೆಕ್ಕ ಬೇಡ, ನೀರಿನ ಗಾತ್ರವನ್ನು ಹೇಳುವ ಟಿಎಂಸಿ ಅಡಿಯ ಲೆಕ್ಕ ಬೇಕು.

ಅಡಿಯ ಲೆಕ್ಕದಲ್ಲಿ ಇನ್ನೊಂದು ಗುಂಡಿಯೂ ಇದೆ. ಕೋಷ್ಟಕದಲ್ಲಿ ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ ಎಂದಿದ್ದರೆ, ಪಕ್ಕದ ಸಾಲುಗಳಲ್ಲಿ ಕಬಿನಿ 2,284 ಅಡಿ, ಹಾರಂಗಿ 2,859 ಅಡಿ, ಹೇಮಾವತಿ 2,922 ಅಡಿ ಎಂದಿರುತ್ತದೆ. ಮೊದಲನೆಯದನ್ನು ಅಣೆಕಟ್ಟಿನದೇ ಅಳತೆಯಲ್ಲಿ, ಉಳಿದ ಮೂರನ್ನು ಸಮುದ್ರಮಟ್ಟದಿಂದ ಅಳೆಯುವುದು ರೂಢಿ. ನಾಲ್ಕನ್ನೂ ಒಂದೇ ಅಕ್ಷದ ಮೇಲೆ ನಿಲ್ಲಿಸಿದರೆ ಕೆಆರ್‌ಎಸ್ ಒಂದು ಹಳ್ಳದಂತೆ ಕಾಣುತ್ತದೆ. ಯಾವ ದತ್ತಾಂಶವನ್ನೇ ಮುಟ್ಟಿದರೂ ಅದರ ಸೊನ್ನೆ ಎಲ್ಲಿದೆ ಎಂದು ಮೊದಲು ಕೇಳಬೇಕು.

ಈಗ ಸಂಗ್ರಹ ಸಾಮರ್ಥ್ಯಕ್ಕೆ ಬರೋಣ. ಕಾವೇರಿ ಕೊಳ್ಳದ ಈ ನಾಲ್ಕು ಜಲಾಶಯಗಳ ಒಟ್ಟು ಸಾಮರ್ಥ್ಯ 114.57 ಟಿಎಂಸಿ ಅಡಿ: ಕೆಆರ್‌ಎಸ್ 49.45, ಹೇಮಾವತಿ 37.10, ಕಬಿನಿ 19.52, ಹಾರಂಗಿ 8.50. ಇವನ್ನು ವೃತ್ತಗಳಾಗಿ ಬರೆಯುವ ಆಸೆ ಎಲ್ಲರಿಗೂ ಆಗುತ್ತದೆ. ಸರ್ಕಲ್ ಆಜ್ಞೆ ಕೇಳುವುದು ವ್ಯಾಸವನ್ನು. ಸಾಮರ್ಥ್ಯವನ್ನು ನೇರವಾಗಿ ವ್ಯಾಸಕ್ಕೆ ಕೊಟ್ಟರೆ, ಹಾರಂಗಿಗಿಂತ 5.8 ಪಟ್ಟು ದೊಡ್ಡದಾದ ಕೆಆರ್‌ಎಸ್‌ನ ವೃತ್ತದ ವಿಸ್ತೀರ್ಣ ಸುಮಾರು 34 ಪಟ್ಟಾಗುತ್ತದೆ, ಏಕೆಂದರೆ ವ್ಯಾಸ ಬೆಳೆದಂತೆ ವಿಸ್ತೀರ್ಣ ಅದರ ವರ್ಗದಂತೆ ಬೆಳೆಯುತ್ತದೆ. ಕಣ್ಣು ನೋಡುವುದು ವಿಸ್ತೀರ್ಣವನ್ನು. ಹಾಗಾಗಿ ಮೊದಲು ವರ್ಗಮೂಲ ತೆಗೆದು ನಂತರ ಹಿಗ್ಗಿಸಬೇಕು. ವರ್ಗಮೂಲವನ್ನು 20ರಿಂದ ಗುಣಿಸಿದರೆ ನಾಲ್ಕು ವ್ಯಾಸಗಳು ಕ್ರಮವಾಗಿ ಸುಮಾರು 141, 122, 88 ಮತ್ತು 58 ಪಿಕ್ಸೆಲ್ ಬರುತ್ತವೆ. ಎರಡೂ ಬಗೆಯ ಚಿತ್ರಗಳನ್ನು ಅಕ್ಕಪಕ್ಕ ಬರೆದು ನೋಡಿದವರು ಈ ವರ್ಗಮೂಲವನ್ನು ಮತ್ತೆ ಮರೆಯುವುದಿಲ್ಲ.

ಹಾಗೆಂದು ವೃತ್ತವೇ ಸರಿ ಎಂದಲ್ಲ. ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದೇ ಅಕ್ಷದ ಮೇಲಿನ ಸ್ಥಾನವನ್ನು ನಮ್ಮ ಕಣ್ಣು ಎಲ್ಲಕ್ಕಿಂತ ನಿಖರವಾಗಿ ಹೋಲಿಸುತ್ತದೆ. ಉದ್ದ, ಕೋನ, ವಿಸ್ತೀರ್ಣ ಎಂದು ಮುಂದೆ ಹೋದಂತೆ ಅಂದಾಜು ತಪ್ಪುತ್ತಾ ಹೋಗುತ್ತದೆ. ಅರ್ಧ ತುಂಬಿದ ಜಲಾಶಯವನ್ನು ವೃತ್ತದೊಳಗಿನ ವೃತ್ತವಾಗಿ ಬರೆದರೆ ಒಳಗಿನದರ ವ್ಯಾಸ ಹೊರಗಿನದರ ಶೇ 71ರಷ್ಟಿರುತ್ತದೆ. ಲೆಕ್ಕ ಸರಿಯೇ ಆದರೂ ನೋಡುಗರಿಗೆ ಅದು ಅರ್ಧವೆಂದು ಅನ್ನಿಸುವುದಿಲ್ಲ. ರೈತರು ನೋಡಿ ನಿರ್ಧಾರ ತೆಗೆದುಕೊಳ್ಳುವ ಚಿತ್ರವಾದರೆ ಸಾದಾ ಪಟ್ಟಿಗಳೇ ಉತ್ತಮ ಎಂಬುದು ನನ್ನ ಅಭಿಪ್ರಾಯ. ಗೋಡೆಯ ಮೇಲಿನ ಪೋಸ್ಟರ್ ಆದರೆ ವೃತ್ತಗಳಿರಲಿ, ಪಕ್ಕದಲ್ಲಿ ಅಂಕಿಯನ್ನೂ ಬರೆದಿರಲಿ.

ಹಂತ 6: ದತ್ತಾಂಶವನ್ನು ಹಸನು ಮಾಡುವುದು

ಕೆಲಸದ ಅರ್ಧ ಸಮಯ ಇಲ್ಲಿಯೇ ಹೋಗುತ್ತದೆ. ಮೊದಲ ಯೋಜನೆಗೆ ಎಲ್ಲಿಂದಲೋ ದೊಡ್ಡ ಕಡತ ಇಳಿಸಿಕೊಳ್ಳುವ ಬದಲು, ನಾಲ್ಕು ಜಲಾಶಯಗಳ 30 ದಿನದ ಸಂಗ್ರಹವನ್ನು ಪತ್ರಿಕೆಯಿಂದ ಸ್ಪ್ರೆಡ್‌ಶೀಟ್‌ಗೆ ಕೈಯಿಂದಲೇ ನಮೂದಿಸಿ. ದಿನಾಂಕ, ಜಲಾಶಯ, ಸಂಗ್ರಹ, ಒಳಹರಿವು, ಹೊರಹರಿವು ಎಂಬ ಐದು ಅಂಕಣಗಳಲ್ಲಿ 120 ಸಾಲು ಸಾಕು. ನಂತರ ಅದನ್ನು ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಾದಾ ಪಠ್ಯವಾದ ಸಿಎಸ್‌ವಿ ರೂಪದಲ್ಲಿ ಉಳಿಸಿ ಎಡಿಟರ್‌ಗೆ ಅಪ್‌ಲೋಡ್ ಮಾಡಿ. ಓದಲು ಲೋಡ್‌ಟೇಬಲ್ ಆಜ್ಞೆ ಇದೆ. ಪಿ5ರ ಮೊದಲನೇ ಆವೃತ್ತಿಯಲ್ಲಿ ಅದನ್ನು ಪ್ರೀಲೋಡ್ ಫಂಕ್ಷನ್ ಒಳಗೆ ಬರೆಯುತ್ತಾರೆ. ಎರಡನೇ ಆವೃತ್ತಿಯಲ್ಲಿ ಪ್ರೀಲೋಡ್ ಇಲ್ಲ, ಸೆಟಪ್‌ನ ಹಿಂದೆ ಅಸಿಂಕ್ ಎಂದು ಬರೆದು ಲೋಡ್‌ಟೇಬಲ್‌ನ ಹಿಂದೆ ಅವೇಟ್ ಸೇರಿಸಬೇಕು. ಹಳೆಯ ಪಾಠ ನೋಡಿ ಹೊಸ ಆವೃತ್ತಿಯಲ್ಲಿ ಬರೆದವರು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ.

ನಮ್ಮ ಕಡೆಯ ಕಡತಗಳಿಗೇ ವಿಶೇಷವಾದ ಕೆಲವು ತೊಂದರೆಗಳಿವೆ. ಒಳಹರಿವನ್ನು 12,450 ಎಂದು ಅಲ್ಪವಿರಾಮ ಹಾಕಿ ಬರೆದರೆ ಜಾವಾಸ್ಕ್ರಿಪ್ಟ್‌ನ ಪಾರ್ಸ್‌ಫ್ಲೋಟ್ ಅದನ್ನು 12 ಎಂದು ಓದಿ ಸುಮ್ಮನಾಗುತ್ತದೆ. ಅಂಕಿಗಳನ್ನು ೧೨೪ ಎಂಬಂತೆ ಕನ್ನಡದಲ್ಲಿ ಬರೆದರೆ ‘ನ್ಯಾನ್’, ಅಂದರೆ ಅಂಕಿಯೇ ಅಲ್ಲ, ಎಂಬ ಉತ್ತರ ಬರುತ್ತದೆ. ಕಡತದಲ್ಲಿ ಇಂಗ್ಲಿಷ್ ಅಂಕಿ ಇಟ್ಟು, ಬೇಕಾದರೆ ಚಿತ್ರದಲ್ಲಿ ತೋರಿಸುವಾಗ ಕನ್ನಡಕ್ಕೆ ಬದಲಿಸಬೇಕು. ಜುಲೈ 5 ಎಂಬರ್ಥದಲ್ಲಿ 05-07-2024 ಎಂದು ಬರೆದರೆ ಬ್ರೌಸರ್ ಅದನ್ನು ಮೇ 7 ಎಂದು ತಿಳಿಯುವ ಸಂಭವವಿದೆ, ಆದ್ದರಿಂದ ವರ್ಷ ಮೊದಲಾಗಿ 2024-07-05 ಎಂದೇ ಬರೆಯಬೇಕು. ಇವೆಲ್ಲಕ್ಕಿಂತ ಅಪಾಯಕಾರಿ ಎಂದರೆ ಖಾಲಿ ಬಿಟ್ಟ ಮನೆ. ಪತ್ರಿಕೆಗೆ ರಜೆ ಇದ್ದ ದಿನದ ಮನೆಯನ್ನು ಖಾಲಿ ಬಿಟ್ಟರೆ ನಂಬರ್ ಎಂಬ ಆಜ್ಞೆ ಅದನ್ನು ಸೊನ್ನೆ ಎಂದು ಭಾವಿಸುತ್ತದೆ, ಮತ್ತು ಹಬ್ಬದ ಮರುದಿನ ನಿಮ್ಮ ಚಿತ್ರದಲ್ಲಿ ಕೆಆರ್‌ಎಸ್ ಬತ್ತಿಹೋಗಿರುತ್ತದೆ. ಖಾಲಿ ಮನೆಯನ್ನು ಮೊದಲೇ ಗುರುತಿಸಿ ಆ ದಿನವನ್ನು ಬಿಟ್ಟು ಮುಂದೆ ಹೋಗುವಂತೆ ಒಂದು ಷರತ್ತು ಬರೆಯಿರಿ.

ನಮೂದು ಸರಿಯಿದೆಯೇ ಎಂದು ಪರೀಕ್ಷಿಸಲು ಸರಳ ಲೆಕ್ಕವೊಂದಿದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಒಂದು ಕ್ಯೂಸೆಕ್, ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ದಿನವಿಡೀ ಹರಿದರೆ 86,400 ಘನ ಅಡಿ. ಅಂದರೆ ಸುಮಾರು 11,574 ಕ್ಯೂಸೆಕ್ ನೀರು ಒಂದು ದಿನ ಹರಿದರೆ ಒಂದು ಟಿಎಂಸಿ. ಒಳಹರಿವಿನಿಂದ ಹೊರಹರಿವು ಕಳೆದು 11,574ರಿಂದ ಭಾಗಿಸಿದರೆ ಮರುದಿನದ ಸಂಗ್ರಹ ಹೆಚ್ಚುಕಡಿಮೆ ಎಷ್ಟು ಬದಲಾಗಬೇಕೆಂಬುದು ತಿಳಿಯುತ್ತದೆ. ಆವಿಯಾಗುವುದು, ಹರಿವು ದಿನದೊಳಗೇ ಏರಿಳಿಯುವುದು ಮುಂತಾದವುಗಳಿಂದ ಸ್ವಲ್ಪ ವ್ಯತ್ಯಾಸ ಬಂದೇ ಬರುತ್ತದೆ. ಆದರೆ ಲೆಕ್ಕಕ್ಕೂ ನಮೂದಿಗೂ ಒಂದೇ ದಿನ ಐದು ಟಿಎಂಸಿ ಅಂತರ ಕಂಡರೆ ದಶಮಾಂಶದ ಚುಕ್ಕಿ ತಪ್ಪಿದೆ ಎಂದೇ ಅರ್ಥ.

ಜಿಲ್ಲಾವಾರು ನಕ್ಷೆಗೆ ಕೈಹಾಕುವವರು ಗಡಿಗಳ ಇತಿಹಾಸವನ್ನೂ ನೋಡಬೇಕು. 2001ರ ಜನಗಣತಿಯಲ್ಲಿ ಕರ್ನಾಟಕಕ್ಕೆ 27 ಜಿಲ್ಲೆ, 2011ರಲ್ಲಿ 30, ಬಳ್ಳಾರಿಯಿಂದ ವಿಜಯನಗರ ಬೇರೆಯಾದ 2021ರ ಬಳಿಕ 31. ಹಳೆಯ ಗಡಿಯ ಅಂಕಿಯನ್ನು ಹೊಸ ಗಡಿಯ ಅಂಕಿಯೊಂದಿಗೆ ಹೋಲಿಸಿದರೆ ಬಳ್ಳಾರಿಯ ಜನಸಂಖ್ಯೆ ಏಕಾಏಕಿ ಕುಸಿದಂತೆ ಕಾಣುತ್ತದೆ. 2014ರಲ್ಲಿ ಊರುಗಳ ಹೆಸರು ಬದಲಾದದ್ದರಿಂದ ಗುಲ್ಬರ್ಗ ಮತ್ತು ಕಲಬುರಗಿಗಳನ್ನು ಯಂತ್ರ ಎರಡು ಊರುಗಳೆಂದೇ ತಿಳಿಯುತ್ತದೆ.

ಹಂತ 7: ಬಣ್ಣ

ಬಣ್ಣದ ಬಗ್ಗೆ ಎರಡೇ ಮಾತು. ಕಲರ್‌ಮೋಡ್ ಆಜ್ಞೆಯಿಂದ ಎಚ್‌ಎಸ್‌ಬಿ ಪದ್ಧತಿಗೆ ಬದಲಿಸಿಕೊಂಡರೆ ವರ್ಣ, ಗಾಢತೆ, ಹೊಳಪುಗಳನ್ನು ಪ್ರತ್ಯೇಕವಾಗಿ ಹಿಡಿಯಬಹುದು, ಒಂದೇ ನೀಲಿಯ ನಾಲ್ಕು ಛಾಯೆಗಳನ್ನು ಪಡೆಯುವುದು ಸುಲಭವಾಗುತ್ತದೆ. ಕಡಿಮೆಗೆ ಕೆಂಪು, ಹೆಚ್ಚಿಗೆ ಹಸಿರು ಎಂಬ ಜೋಡಿಯನ್ನು ಕೈಬಿಡಿ. ಆ ಎರಡನ್ನು ಬೇರ್ಪಡಿಸಿ ನೋಡಲಾಗದ ಕಣ್ಣುಗಳು ನಿಮ್ಮ ಓದುಗರಲ್ಲಿ ಖಂಡಿತ ಇರುತ್ತವೆ.

ಹಂತ 8: ಕನ್ನಡ ಅಕ್ಷರಗಳನ್ನು ಕೆಡಿಸದೆ ಬರೆಸುವುದು

ಇಂಗ್ಲಿಷ್ ಪಾಠಗಳಲ್ಲಿ ಸಿಗದ ಭಾಗವಿದು. ಪಿ5ರ ಮೊದಲನೇ ಆವೃತ್ತಿಯಲ್ಲಿ ಲೋಡ್‌ಫಾಂಟ್ ಮೂಲಕ ಕನ್ನಡ ಫಾಂಟ್ ಕಡತವನ್ನು ತುಂಬಿಸಿ ಬರೆಸಿದರೆ ಒತ್ತಕ್ಷರಗಳು ತಮ್ಮ ಜಾಗದಲ್ಲಿ ಕೂರುವುದಿಲ್ಲ. ಫಾಂಟ್ ಅನ್ನು ಪುಟದ ಎಚ್‌ಟಿಎಂಎಲ್ ಕಡತದಲ್ಲಿ ಜೋಡಿಸಿ, ಟೆಕ್ಸ್ಟ್‌ಫಾಂಟ್‌ಗೆ ‘ನೋಟೊ ಸಾನ್ಸ್ ಕನ್ನಡ’ ಅಥವಾ ‘ಬಾಲೂ ತಮ್ಮ’ ಎಂಬಂಥ ಹೆಸರನ್ನಷ್ಟೇ ಕೊಟ್ಟರೆ, ಅಕ್ಷರ ಜೋಡಣೆಯನ್ನು ಬ್ರೌಸರ್ ತಾನೇ ವಹಿಸಿಕೊಂಡು ಸರಿಯಾಗಿ ಬರೆಯುತ್ತದೆ.

ಎರಡನೆಯ ತೊಡಕು ಎಣಿಕೆಯದು. ‘ಕನ್ನಡ’ ಎಂಬ ಪದದ ಉದ್ದ ಎಷ್ಟೆಂದು ಜಾವಾಸ್ಕ್ರಿಪ್ಟನ್ನು ಕೇಳಿದರೆ 5 ಎನ್ನುತ್ತದೆ. ನಮಗೆ ಕಾಣುವುದು ಕ, ನ್ನ, ಡ ಎಂಬ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಇರುವುದು ಕ, ನ, ಅಲ್ಲಿ ‘ವಿರಾಮ’ ಎಂದು ಕರೆಯುವ ಹಲಂತ, ಮತ್ತೊಂದು ನ, ಡ. ಪದವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಕುಣಿಸುವ ಇಂಗ್ಲಿಷ್ ಮಾದರಿಯ ಕೋಡ್ ನಮ್ಮ ಪದಕ್ಕೆ ಬಂದಾಗ ಒತ್ತು ಕಳಚಿ ಬೀಳುವುದು ಇದರಿಂದಲೇ. ಸಣ್ಣ ಪದಗಳಾದರೆ ಅಕ್ಷರಗಳನ್ನು ಒಂದೊಂದಾಗಿ ಕೈಯಿಂದಲೇ ಅರೇ ಎಂಬ ಪಟ್ಟಿಯೊಳಗೆ ಬರೆದಿಡುವುದು ಎಲ್ಲಕ್ಕಿಂತ ಭದ್ರ.

ಅಕ್ಷರದ ಆಕಾರದೊಳಗೆ ಚುಕ್ಕಿ ತುಂಬುವ ಆಸೆಯಿದ್ದರೆ ಇನ್ನೊಂದು ಉಪಾಯವಿದೆ. ಕ್ರಿಯೇಟ್‌ಗ್ರಾಫಿಕ್ಸ್ ಆಜ್ಞೆಯಿಂದ ಕಾಣದ ಹಾಳೆಯೊಂದನ್ನು ಮಾಡಿ, ಅದರಲ್ಲಿ ‘ನೀರು’ ಎಂದು ದಪ್ಪ ಕಪ್ಪು ಅಕ್ಷರದಲ್ಲಿ ಬರೆಸಿ. ನಂತರ ಆರಾರು ಪಿಕ್ಸೆಲ್‌ಗೆ ಒಮ್ಮೆ ಆ ಹಾಳೆಯನ್ನು ಓದುತ್ತಾ, ಕಪ್ಪು ಕಂಡಲ್ಲೆಲ್ಲ ಮುಖ್ಯ ಹಾಳೆಯಲ್ಲಿ ಒಂದು ಚುಕ್ಕಿ ಇಡಿ. ಚುಕ್ಕಿಗಳನ್ನು ನಾಯ್ಸ್‌ನಿಂದ ಅಲುಗಿಸಿ, ಒಟ್ಟು ಚುಕ್ಕಿಗಳಲ್ಲಿ ಆ ದಿನದ ಸಂಗ್ರಹದ ಶೇಕಡಾವಾರಿನಷ್ಟನ್ನು ಮಾತ್ರ ನೀಲಿಯಾಗಿಸಿದರೆ, ಮೂರನೇ ಹಂತದ ರಂಗೋಲಿ, ನಾಲ್ಕನೆಯದರ ಅಲುಗಾಟ, ಐದನೆಯದರ ಅಳತೆ ಒಂದೇ ಪದದೊಳಗೆ ಬಂದು ಕೂರುತ್ತವೆ.

ಹಂತ 9: ಚಲನೆ

ಮೂವತ್ತು ದಿನದ ಏರಿಕೆಯನ್ನು ಹತ್ತು ಸೆಕೆಂಡಿನಲ್ಲಿ ತೋರಿಸಬೇಕೆಂದರೆ ಒಂದು ದಿನಕ್ಕೆ 20 ಫ್ರೇಮ್, ಅಂದರೆ ಡ್ರಾದ 20 ಸುತ್ತು, ಸಿಗುತ್ತದೆ. ಫ್ರೇಮ್‌ಕೌಂಟ್ ಅನ್ನು 20ರಿಂದ ಭಾಗಿಸಿದಾಗ ಬರುವ ಪೂರ್ಣಾಂಕ ದಿನವನ್ನೂ, ಉಳಿದ ಭಿನ್ನಾಂಶ ಆ ದಿನದಿಂದ ಮರುದಿನದತ್ತ ಸಾಗಿದ ದೂರವನ್ನೂ ಹೇಳುತ್ತದೆ. ಆ ಭಿನ್ನಾಂಶವನ್ನು, ಎರಡು ಅಂಕಿಗಳ ನಡುವಿನ ಮೌಲ್ಯ ಹೇಳುವ ಲರ್ಪ್ ಆಜ್ಞೆಗೆ ಕೊಟ್ಟರೆ ನೀರು ಜಿಗಿಯದೆ ಏರುತ್ತದೆ. ದಿನಾಂಕವನ್ನು ದೊಡ್ಡದಾಗಿ ಒಂದೇ ಜಾಗದಲ್ಲಿ ನಿಲ್ಲಿಸಿ. ಅದೂ ಓಡಾಡಿದರೆ ನೋಡುಗರು ನೀರನ್ನು ನೋಡುವುದೋ ದಿನಾಂಕವನ್ನು ಹುಡುಕುವುದೋ ತಿಳಿಯದೆ ಕಂಗಾಲಾಗುತ್ತಾರೆ.

ಹಂತ 10: ಹೊರಗೆ ಕಳಿಸುವುದು, ಮುಂದಿನ ದಾರಿ

ಚಿತ್ರವನ್ನು ಉಳಿಸಲು ಸೇವ್‌ಕ್ಯಾನ್ವಾಸ್ ಸಾಕು, ಆದರೆ ಪರದೆಗೆ ಬರೆದ 400 ಪಿಕ್ಸೆಲ್ ಚಿತ್ರ ಮುದ್ರಣಕ್ಕೆ ಹೋದರೆ ಅಂಚು ಒಡೆಯುತ್ತದೆ. ಎ4 ಹಾಳೆಗೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ 2480 ಗುಣಿಸು 3508 ಪಿಕ್ಸೆಲ್ ಬೇಕು. ಮೊದಲಿನಿಂದಲೂ ಅಳತೆಗಳನ್ನು ನೇರ ಅಂಕಿಗಳಾಗಿ ಬರೆಯದೆ ಹಾಳೆಯ ಅಗಲದ ಪಾಲಾಗಿ ಬರೆದಿದ್ದರೆ ಕ್ಯಾನ್ವಾಸ್‌ನ ಸಾಲೊಂದನ್ನು ಬದಲಿಸಿದರೆ ಕೆಲಸ ಮುಗಿಯುತ್ತದೆ; ಇಲ್ಲವಾದರೆ ಒಂದು ಇಡೀ ಸಂಜೆ ಹೋಗುತ್ತದೆ. ಹೆಚ್ಚು ಸಾಂದ್ರತೆಯ ಪರದೆಯಿರುವ ಕಂಪ್ಯೂಟರಿನಲ್ಲಿ ಚಿತ್ರ ತಾನಾಗಿ ಇಮ್ಮಡಿಯಾಗಿ ಉಳಿಯುವುದುಂಟು. ಪಿಕ್ಸೆಲ್‌ಡೆನ್ಸಿಟಿಯನ್ನು 1ಕ್ಕೆ ನಿಲ್ಲಿಸಿದರೆ ಆ ಗೊಂದಲ ಇರುವುದಿಲ್ಲ.

ಅಕ್ಷಗಳು, ಗೆರೆಗಳು, ಜಿಲ್ಲಾ ನಕ್ಷೆಗಳು ಹೆಚ್ಚಾಗಿ ಬೇಕಾದಾಗ ಪಿ5ರಲ್ಲಿ ಎಲ್ಲವನ್ನೂ ಕೈಯಿಂದ ಬರೆಯುವುದು ಬೇಸರ ತರಿಸುತ್ತದೆ. ಮೈಕ್ ಬೋಸ್ಟಾಕ್ ಮತ್ತು ಅವರ ಸಂಗಡಿಗರು 2011ರಲ್ಲಿ ಹೊರತಂದ ಡಿ3 ಲೈಬ್ರರಿಗೆ ಹೋಗಲು ಅದೇ ಸರಿಯಾದ ಹೊತ್ತು. ಅಲ್ಲಿ ಸ್ಕೇಲ್ ಎಂದು ಕರೆಯುವುದು ಇಲ್ಲಿ ನೀವು ಮ್ಯಾಪ್ ಎಂದು ಕಲಿತದ್ದನ್ನೇ, ವರ್ಗಮೂಲದ ಸ್ಕೇಲ್ ಕೂಡ ಸಿದ್ಧವಾಗಿಯೇ ಸಿಗುತ್ತದೆ. ಸಾವಿರಾರು ಕಣಗಳ ಚಲನೆಯತ್ತ ಮನಸ್ಸು ಹರಿದವರು ಗ್ರಾಫಿಕ್ಸ್ ಚಿಪ್ ಮೇಲೆ ನಡೆಯುವ ಪ್ರೋಗ್ರಾಮ್‌ಗಳಾದ ಶೇಡರ್‌ಗಳ ಕಡೆ ಹೋಗಬಹುದು. ಅದರ ಕಲಿಕೆ ಕಡಿದಾದ ಏರು, ಜತೆಗೆ ಒಂದಿಷ್ಟು ರೇಖಾಗಣಿತ ಬೇಕು.

ಚಿತ್ರವನ್ನು ಯಾರಿಗಾದರೂ ಕಳಿಸುವ ಮುನ್ನ ಕೆಳಗಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಮೂರು ಸಂಗತಿ ಬರೆಯಿರಿ: ಅಂಕಿ ಎಲ್ಲಿಂದ ಬಂತು, ಯಾವ ದಿನದ್ದು, ಅಡಿಯೋ ಟಿಎಂಸಿಯೋ. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಚಿತ್ರದ ಜತೆ ಅದರ ವಿವರಣೆ ಹೋಗುವುದಿಲ್ಲ, ಚಿತ್ರದೊಳಗೆ ಬರೆದದ್ದು ಮಾತ್ರ ಉಳಿಯುತ್ತದೆ.